ಎರಡು ಏಟು

ಮತದಾರರ ಪಟ್ಟಿಗೆ ಹೆಸರು ಬರೆಸಲು ನಾನು ಹೋಗದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಯಾರೂ ನನ್ನನ್ನು ಕರೆದಿರಲಿಲ್ಲ. ನಾನಾಗಿ ಹೋದೆ, ಭಾನುವಾರ ಚರ್ಚಿಗೆ ಇಡುವ ಟೋಪಿ ಇಟ್ಟುಕೊಂಡು.

ಅದು ಸಾವಿರದ ಒಂಬೈನೂರ ಇಪ್ಪತ್ತನೇ ಇಸವಿಯ ಸೆಪ್ಟೆಂಬರ್. ಹೆಂಗಸರಿಗೂ ವೋಟು ಬಂತು ಎಂದು ನಮ್ಮ ಪ್ರೈಸ್ ಹಾಲೋದಲ್ಲಿ ಬಾವಿಕಟ್ಟೆಯಿಂದ ಚರ್ಚಿನ ಮೆಟ್ಟಿಲವರೆಗೆ ಅದೇ ಮಾತು. ಪೆನ್ಸಿಲ್ವೇನಿಯದ ಕಲ್ಲಿದ್ದಲು ಸೀಮೆಯಲ್ಲಿ ಅಂಥ ಊರುಗಳು ನೂರಾರು. ಒಂದು ಗಣಿ, ಒಂದು ಶಾಲೆ, ಮಸಿ ಕುಡಿದ ಮನೆಗಳ ನಾಲ್ಕು ಸಾಲು. ನಾನು ಆ ಶಾಲೆಯ ಕಸ ಗುಡಿಸುತ್ತಿದ್ದೆ. ಮೂರನೇ ಕ್ಲಾಸಿಗೆ ನಾನು ಓದು ಬಿಟ್ಟದ್ದೂ ಅದೇ ಶಾಲೆಯಲ್ಲಿ. ಬೆಳಿಗ್ಗೆ ಆರು ಕೋಣೆಗಳ ಆರು ಒಲೆ ಹೊತ್ತಿಸುವುದು, ಸಂಜೆ ಗುಡಿಸಿ ಒರೆಸುವುದು. ಶಾಲೆಯ ಹಿಂಬದಿಯ ಎರಡು ಕೋಣೆ ನಮಗೆ ಬಿಟ್ಟಿದ್ದರು. ನಾನು, ನನ್ನ ಗಂಡ ಯುರ್ಕೊ, ಎಂಟು ವರ್ಷದ ಮಗಳು ಮರಿಷ್ಕಾ.

ಯುರ್ಕೊ ಹದಿನೇಳು ವರ್ಷ ಗಣಿಗೆ ಇಳಿದವನು. ಎದೆಯಲ್ಲಿ ಕಲ್ಲಿದ್ದಲ ಧೂಳು ಕೂತು ಉಸಿರು ಸಾಲದಾಗಿತ್ತು. ಈಗ ಮೇಲಿನ ಕಟ್ಟಡದಲ್ಲಿ ಕೂತು ಕಲ್ಲಿದ್ದಲಿನಿಂದ ಕಲ್ಲು ಆರಿಸುತ್ತಿದ್ದ. ಕಂಪನಿಯ ಮನೆಗಳು ಗಣಿಗೆ ಇಳಿಯುವವರಿಗೆ ಮಾತ್ರ. ಅವನು ಮೇಲೆ ಬಂದ ತಿಂಗಳೇ ಮನೆ ಬಿಡಿಸಿದ್ದರು. ಹಾಗಾಗಿ ನಮಗಿದ್ದದ್ದು ನನ್ನ ಪೊರಕೆ, ಆ ಪೊರಕೆ ಕೊಟ್ಟ ಸೂರು, ಅಷ್ಟೇ.

ಹೆಸರು ಬರೆಯುತ್ತಿದ್ದವನು ಹವೆಲ್ ಪ್ರಾಸರ್. ಶಾಲಾ ಮಂಡಳಿಯ ಕಾರ್ಯದರ್ಶಿಯೂ ಅವನೇ. ನನ್ನ ಜೊತೆ ಓದಿದವನು. ಅವತ್ತು ಹೆಂಗಸರ ಸಾಲು ಬೀದಿಯವರೆಗೆ ಬೆಳೆದಿತ್ತು. ನನ್ನ ಮುಂದೆ ಬ್ರಿಜಿಡಮ್ಮ ನಿಂತಿದ್ದಳು. ಐರ್ಲೆಂಡಿನಿಂದ ಬಂದ ಮುದುಕಿ, ವಿಧವೆ, ನಮ್ಮ ಓಣಿಯ ಆಚೆ ಬದಿಯವಳು. ಅವಳ ಹೆಸರು ಚಕ್ಕನೆ ಹತ್ತಿತು. ಗಂಡ ಬದುಕಿದ್ದಾಗಲೇ ಪ್ರಜೆಯಾಗಿದ್ದನಂತೆ.

ನನ್ನ ಸರದಿ ಬಂತು.

"ಹೆಸರು?"

"ನಿಂಗೊತ್ತಿಲ್ವೇನೋ ಹವೆಲ್? ಕ್ಲಾಸಲ್ಲಿ ನನ್ನ ಜಡೆ ಎಳೀತಿದ್ದೆ."

ಸಾಲಿನಲ್ಲಿದ್ದವರು ನಕ್ಕರು. ಅವನ ಕಿವಿ ಕೆಂಪಾಯಿತು.

"ಬಾಯಿಬಿಟ್ಟು ಹೇಳ್ಬೇಕು ತೆಕ್ಲಾ. ಕಾನೂನು."

"ತೆಕ್ಲಾ ಹ್ರಿಚ್ಕೊ. ಹುಟ್ಟಿದ್ದು ಇಲ್ಲೇ, ಆ ಗುಡ್ಡದ ಹಿಂದೆ."

"ಗಂಡ ಹುಟ್ಟಿದ್ದು?"

"ಆಚೆ ದೇಶದಲ್ಲಿ, ಕಾರ್ಪೇಥಿಯನ್ ಬೆಟ್ಟದಲ್ಲಿ."

"ಅವನ ಎರಡನೇ ಕಾಗದ ಆಗಿದ್ಯಾ?"

ಹೊರಗಿನಿಂದ ಬಂದವರಿಗೆ ಎರಡು ಕಾಗದ. ನಾನು ಇಲ್ಲಿಯವನಾಗುತ್ತೇನೆ ಎಂದು ಮೊದಲನೆಯದು, ಆದೆ ಎಂದು ಎರಡನೆಯದು. ಯುರ್ಕೊನ ಹತ್ತಿರ ಮೊದಲನೆಯದು ಮಾತ್ರ ಇತ್ತು. ಹಾಗೆಂದೆ. ಪ್ರಾಸರ್ ಪೆನ್ನು ಕೆಳಗಿಟ್ಟ.

"ಹಂಗಾದ್ರೆ ನೀನು ಅಮೆರಿಕದವಳಲ್ಲ."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. "ಮತ್ತೆಲ್ಲಿಯವಳು? ಚಂದ್ರಲೋಕದವಳಾ?"

"ಗಂಡ ಎಲ್ಲಿಯವನೋ ಅಲ್ಲಿಯವಳು. ಏಳನೇ ಇಸವಿ ಕಾನೂನು ಕಣೇ. ಪರದೇಶದವನ್ನ ಮದುವೆಯಾದ ದಿನಾನೇ ಹೆಂಡ್ತೀನೂ ಪರದೇಶಿ. ಗಂಡ ಪ್ರಜೆಯಾದ್ರೆ ಅವಳೂ ಪ್ರಜೆ. ನೀನೀಗ..." ಪುಸ್ತಕದಲ್ಲಿ ಬೆರಳಾಡಿಸಿ ನೋಡಿದ. "ಚೆಕೊಸ್ಲೊವಾಕಿಯದವಳು."

ಆ ಹೆಸರು ನನ್ನ ನಾಲಿಗೆಗೆ ತಿರುಗಲೇ ಇಲ್ಲ. ಬ್ರಿಜಿಡಮ್ಮ ಹಿಂದೆ ತಿರುಗಿ ಬಂದಳು.

"ಏನಯ್ಯಾ ಪ್ರಾಸರ್, ಹಡಗಲ್ಲಿ ವಾಂತಿ ಮಾಡ್ಕೊಂಡು ಬಂದ ನಾನು ಅಮೆರಿಕದವಳು, ಇಲ್ಲೇ ಹುಟ್ಟಿದ ಇವಳು ಅಲ್ವಾ? ಸಾರಾಯಿ ಬಂದಾಗಿ ಎಂಟು ತಿಂಗಳಾಯ್ತು, ನಿಂಗೆಲ್ಲಿ ಸಿಕ್ತು? ನಂಗೂ ಒಸಿ ಹೇಳು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಪ್ರಾಸರ್ ನಗಲಿಲ್ಲ. ಎದುರಿಗಿದ್ದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಏನೋ ಬರೆದು ಗೆರೆ ಎಳೆದ.

ಮನೆಯಲ್ಲಿ ಕೇಳಿ ಯುರ್ಕೊ ಕೆಮ್ಮು ಬರುವಷ್ಟು ನಕ್ಕ.

"ಬಾ ತಾಯಿ, ನಮ್ಮೂರವಳಾದೆ. ನಮ್ಮೂರಲ್ಲಿ ಯಾರ್ ಯಾರು ಗೊತ್ತು ನಿಂಗೆ?"

"ನಿನ್ನ ಕಟ್ಕೊಂಡ ತಪ್ಪಿಗೆ ಯಾರೂ ಗೊತ್ತಿಲ್ಲದ ಊರು ನಂದಾಯ್ತು."

"ನನ್ನ ಹತ್ರ ಒಂದು ಕಾಗದನಾದ್ರೂ ಇದೆ. ನಿನ್ನ ಹತ್ರ ಅದೂ ಇಲ್ಲ ನೋಡು."

ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ನನ್ನ ತಾಯಿ ಹೇಳುತ್ತಿದ್ದಳು. ಅದು ಅತ್ತೆಮನೆ ಅಡುಗೆಮನೆಯ ಮಾತು ಎಂದುಕೊಂಡಿದ್ದೆ. ಸರ್ಕಾರ ಅದನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದೆ ಎಂದು ಗೊತ್ತಿರಲಿಲ್ಲ.

ನಗು ಮೂರು ವಾರ ಇತ್ತು. ಆ ವರ್ಷ ಎಲ್ಲರ ಬಾಯಲ್ಲೂ ನೂರಕ್ಕೆ ನೂರು ಅಮೆರಿಕನ್ ಎಂಬ ಮಾತು. ಹಿಂದಿನ ಚಳಿಗಾಲದಲ್ಲಿ ಕೆಂಪು ಪಕ್ಷದ ಕಮ್ಯುನಿಸ್ಟರೆಂದು ಪಕ್ಕದ ಊರಿನಿಂದ ಹನ್ನೊಂದು ಜನರನ್ನು ಹಿಡಿದುಕೊಂಡು ಹೋಗಿದ್ದರು. ಅವರಲ್ಲಿ ಇಬ್ಬರು ಆ ಪಕ್ಷದ ಕ್ಲಬ್ಬಿಗೆ ಮೋಟಾರು ಓಡಿಸುವುದನ್ನು ಕಲಿಯಲು ಮಾತ್ರ ಹೋಗಿದ್ದವರಂತೆ. ಊರಿಗೊಂದು ನಿಯಮ ಹುಟ್ಟುತ್ತಿತ್ತು. ನಮ್ಮ ಶಾಲಾ ಮಂಡಳಿಯೂ ಒಂದು ಮಾಡಿತು: ಮಾಸ್ತರರಿಂದ ಹಿಡಿದು ಕಸ ಗುಡಿಸುವವರವರೆಗೆ ಪ್ರಜೆಯಲ್ಲದವರಿಗೆ ಶಾಲೆಯಲ್ಲಿ ಕೆಲಸವಿಲ್ಲ.

ಪ್ರಾಸರ್ ಹಿಂಬಾಗಿಲಿಗೆ ಬಂದ. ಟೋಪಿ ಕೈಯಲ್ಲಿತ್ತು.

"ನಾನೇ ಬರೆದ ಪಟ್ಟಿ ತೆಕ್ಲಾ. ನಾನೇ ಬಚ್ಚಿಡೋಕಾಗಲ್ಲ. ಜೂನ್ ತನಕ ಟೈಮ್ ಕೊಡ್ಸಿದೀನಿ. ಅಷ್ಟ್ರಲ್ಲಿ ಏನಾದ್ರೂ ಮಾಡ್ಕೋ."

"ನಾನು ಅವತ್ತು ಬರದೇ ಇದ್ದಿದ್ರೆ?"

ಅವನು ಟೋಪಿಯ ಒಳಗೆ ನೋಡಿದ. "ಯಾರ್ ಕೇಳ್ತಿದ್ರು ನಿನ್ನ," ಎಂದ.

ಯುರ್ಕೊ ದೇವರ ಪಟದ ಹಿಂದಿನಿಂದ ತನ್ನ ಮೊದಲನೇ ಕಾಗದ ತೆಗೆದ. ಹನ್ನೊಂದನೇ ಇಸವಿಯದು, ನಮ್ಮ ಮದುವೆಯ ವರ್ಷದ್ದು. ಪ್ರಾಸರ್ ಅದನ್ನು ಬೆಳಕಿಗೆ ಹಿಡಿದು ನೋಡಿ ಮಡಚಿ ವಾಪಸು ಕೊಟ್ಟ. ಏಳು ವರ್ಷ ಅದರ ಆಯುಸ್ಸು. ಸತ್ತು ಎರಡು ವರ್ಷವಾಗಿತ್ತು.

"ಯುದ್ಧ ನಡೀವಾಗ ಎರಡನೇದು ಕೇಳೋಕೆ ಹೋಗಿದ್ದೆ," ಎಂದ ಯುರ್ಕೊ. "ಆಗ ನಮ್ಮ ಬೆಟ್ಟ ಆಸ್ಟ್ರಿಯಾ ಚಕ್ರವರ್ತಿ ಕೈಲಿತ್ತು. ನೀನು ಅವನ ಕಡೆಯವನು, ಶತ್ರು ಅಂದ್ರು. ಆ ಚಕ್ರವರ್ತಿ ನನ್ನ ದಾರೀಲಿ ಕಂಡಿದ್ರೆ ಬೂಟಲ್ಲಿ ಒದೀತಿದ್ದ. ಆದ್ರೂ ನಾನು ಅವನ ಕಡೆಯವನಂತೆ."

ಮತ್ತೆ ಮೊದಲನೇ ಕಾಗದದಿಂದ ಶುರು ಮಾಡಬೇಕು, ಆಮೇಲೆ ಎರಡು ವರ್ಷವಾದರೂ ಕಾಯಬೇಕು. ಯುರ್ಕೊ ಹೋಗಿ ಹೊಸ ಮೊದಲನೇ ಕಾಗದ ಮಾಡಿಸಿದ. ಆದರೆ ಜೂನ್ ಕಾಯುವುದಿಲ್ಲವಲ್ಲ. ಜಿಲ್ಲೆಯ ಊರಿನಲ್ಲಿ ಒಬ್ಬ ವಕೀಲರಿದ್ದರು, ಅವರ ಹತ್ತಿರ ಇಬ್ಬರೂ ಹೋದೆವು. ಅವರು ನಮ್ಮ ಕಥೆ ಪೂರ್ತಿ ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

"ಗಂಡ ಸತ್ರೆ, ಇಲ್ಲ ಕೋರ್ಟಲ್ಲಿ ಬಿಟ್ರೆ, ಆ ಕ್ಷಣಾನೇ ನೀವು ಮತ್ತೆ ಅಮೆರಿಕದವರು. ಇಲ್ಲೇ ಇದ್ರೆ ಸಾಕು, ಒಂದು ಅರ್ಜೀನೂ ಬೇಡ," ಎಂದರು.

ಟ್ರಾಮಿನಲ್ಲಿ ವಾಪಸು ಬಂದೆವು. ಯುರ್ಕೊ ಬೂಟು ಬಿಚ್ಚುತ್ತಾ, "ಸಾಯೋದು ಜೂನ್ ಒಳಗೆ ಆಗುತ್ತೋ ಇಲ್ವೋ ಹೇಳೋಕಾಗಲ್ಲ," ಎಂದ. "ಬಿಡೋದೇ ವಾಸಿ."

"ಬಾಯಿ ಮುಚ್ಚು."

"ಕಾಗದದ ಮೇಲೆ ಬಿಡೋದು ಕಣೇ. ಓಣಿ ದಾಟಿ ಬ್ರಿಜಿಡಮ್ಮನ ಮನೇಲಿ ಮಲಗ್ತೀನಿ. ನಂಗೆ ಎರಡನೇ ಕಾಗದ ಬಂದ್ಮೇಲೆ ಮತ್ತೆ ಮದುವೆಯಾಗೋಣ. ಆವಾಗ ನೀನು ಹೆಂಗಿದ್ರೂ ಇಲ್ಲಿಯವಳೇ."

"ಪಾದ್ರಿ ಏನಂತಾರೆ?"

"ಪಾದ್ರಿ ಶಾಲೆ ಒಲೆ ಹೊತ್ಸಿ ನಮ್ಮನ್ನ ಸಾಕ್ತಾರಾ?"

ಆದರೆ ಗಂಡ ಹೆಂಡಿರು ತಾವೇ ಒಪ್ಪಿಕೊಂಡರೆ ಕೋರ್ಟು ಬಿಡಿಸುತ್ತಿರಲಿಲ್ಲ. ಒಬ್ಬರದು ತಪ್ಪಿರಲೇಬೇಕು. ಬಿಟ್ಟು ಹೋಗಿದ್ದಾನೆ ಎನ್ನಲು ಎರಡು ವರ್ಷ ಬಿಟ್ಟಿರಬೇಕು. ಇನ್ನೊಬ್ಬ ಹೆಂಗಸಿನ ಸಹವಾಸ ಎಂದರೆ ಹೆಸರು ಹೇಳಬೇಕು.

"ನನ್ನ ಹೆಸರು ಬರೀರಪ್ಪ," ಎಂದಳು ಬ್ರಿಜಿಡಮ್ಮ, ನಮ್ಮ ಮೇಜಿನ ಹತ್ತಿರ ಕೂತು ಎಲೆಕೋಸು ತಿನ್ನುತ್ತಾ. "ಎಪ್ಪತ್ತೊಂದು ವರ್ಷಕ್ಕೆ ಹಂಗೊಂದು ಹೆಸರು ಬಂದ್ರೆ ಗೋರಿ ಮೇಲೆ ಕೆತ್ತಿಸ್ಕೋತೀನಿ."

ಉಳಿದದ್ದು ಒಂದೇ. ಹೊಡೆಯುತ್ತಾನೆ ಎಂಬುದು.

ವಕೀಲರು ಬೆರಳು ಮಡಚಿ ಹೇಳಿಕೊಟ್ಟರು. "ಒಂದು ಏಟಿಗೆ ಕೋರ್ಟು ಬಿಡಿಸೋದಿಲ್ಲ. ಎರಡಾದ್ರೂ ಬೇಕು. ಎರಡು ದಿನ, ಎರಡು ಏಟು, ಒಬ್ಬ ಸಾಕ್ಷಿ. ಯಾವ ದಿನ, ಯಾತರಲ್ಲಿ, ಎಲ್ಲಿಗೆ, ಸರಿಯಾಗಿ ಹೇಳ್ಬೇಕು."

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಯುರ್ಕೊ ನನ್ನ ಮೇಲೆ ಕೈ ಎತ್ತಿದವನಲ್ಲ. ನಮ್ಮ ಸಾಲಿನಲ್ಲಿ ಹೊಡೆಯದ ಗಂಡಸರು ಇದ್ದದ್ದು ಮೂರೋ ನಾಲ್ಕೋ. ಅವನು ಅವರಲ್ಲಿ ಒಬ್ಬ. ಆ ಮಾತು ನಾನು ಹೇಳಲಾರೆ ಎಂದೆ. ಹೇಳು ಎಂದ ಅವನು. ಎರಡು ತಿಂಗಳು ಇದೇ ನಡೆಯಿತು. ಮಾರ್ಚಿನಲ್ಲಿ ಮಂಡಳಿಯವರು ಶಾಲೆಗೆ ಬಂದು ಗುಡಿಸುವ ಕೆಲಸಕ್ಕೆ ಬರಲಿರುವ ಹೆಂಗಸಿಗೆ ನಮ್ಮ ಎರಡು ಕೋಣೆ ತೋರಿಸಿಕೊಂಡು ಹೋದರು. ಅವಳು ನನ್ನ ಒಲೆಯ ಬಾಗಿಲು ತೆಗೆದು, ಹಾಕಿ, ತೆಗೆದು ನೋಡಿದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಅವತ್ತು ಸಂಜೆ ಯುರ್ಕೊ ನನ್ನ ಮುಂದೆ ಕೂತು ದಿನಗಳನ್ನು ಆರಿಸಿದ, ಕಲ್ಲು ಆರಿಸುವ ಹಾಗೆ ನಿಧಾನವಾಗಿ.

"ಡಿಸೆಂಬರಿನ ನಿಕೋಲಸ್ ಹಬ್ಬದ ದಿನ ಇರಲಿ. ಅವತ್ತು ಬಿಸಿ ಪಾತ್ರೆ ಕಾಲ ಮೇಲೆ ಬಿದ್ದು ನೀನು ಕಿರುಚಿದ್ದೆ. ಬ್ರಿಜಿಡಮ್ಮ ಕೇಳಿದಾಳೆ. ಅವಳು ಸುಳ್ಳು ಹೇಳಿದಂಗಾಗಲ್ಲ."

"ಎರಡನೇದು?"

"ಎರಡನೇದು ನೀನೇ ಹೇಳು. ಎಲ್ಲಾ ನಾನೇ ಹೊಡೀಬೇಕಾ?"

ಇಬ್ಬರೂ ನಕ್ಕೆವು. ನಕ್ಕಿದ್ದು ನೆನಪಿದೆ.

ವಿಚಾರಣೆ ಕೋರ್ಟಿನ ಪಕ್ಕದ ಒಂದು ಸಣ್ಣ ಕೋಣೆಯಲ್ಲಿ ನಡೆಯಿತು. ಬೈಬಲ್ಲಿನ ಮೇಲೆ ಕೈ ಇಡಿಸಿದರು. ಯುರ್ಕೊ ಹಿಂದಿನ ಬೆಂಚಿನಲ್ಲಿ, ಟೋಪಿ ಮೊಣಕಾಲ ಮೇಲಿಟ್ಟು, ಪೂಜೆಗೆ ಕೂತವನ ಹಾಗೆ ತಲೆ ತಗ್ಗಿಸಿ ಕೂತಿದ್ದ. ಏನೂ ಹೇಳುವುದಿಲ್ಲ ಎಂದು ಮೊದಲೇ ಬರೆದುಕೊಟ್ಟಿದ್ದ.

"ನಿಕೋಲಸ್ ಹಬ್ಬದ ದಿನ ಏನಾಯಿತು?"

"ಹೊಡೆದ."

"ಯಾತರಲ್ಲಿ?"

"ಒಲೆ ಕೆದಕೋ ಸಲಾಕೇಲಿ. ಬೆನ್ನಿಗೆ."

"ಮತ್ತೆ?"

"ಈಸ್ಟರಿಗೆ ಮುಂಚೆ ಶನಿವಾರ. ಮುಷ್ಟೀಲಿ. ಇಲ್ಲಿ." ನಾನು ಕೆನ್ನೆ ಮುಟ್ಟಿ ತೋರಿಸಿದೆ. ಯಾರೂ ಹೇಳಿಕೊಟ್ಟಿರಲಿಲ್ಲ ಅದನ್ನು. ಕೈ ತಾನಾಗಿ ಹೋಯಿತು.

ನನ್ನ ಕಿರುಚಾಟ ಕೇಳಿಸಿತ್ತು ಎಂದಳು ಬ್ರಿಜಿಡಮ್ಮ. ಯಾಕೆ ಕಿರುಚಿದಳು ಎಂದು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಬರೆದುಕೊಳ್ಳುತ್ತಿದ್ದವರು ಒಮ್ಮೆ ಯುರ್ಕೊನ ಕಡೆ ನೋಡಿದರು. ಆ ನೋಟವನ್ನು ನಾನು ಹಿಂದೆ ನಮ್ಮ ಸಾಲಿನ ಕೆಲವು ಗಂಡಸರ ಮೇಲೆ ನೋಡಿದ್ದೆ. ಅವನ ಮೇಲೆ ಬಿದ್ದದ್ದು ಅದೇ ಮೊದಲು.

ಮೇ ಕೊನೆಗೆ ಆದೇಶ ಬಂತು. ನಾನು ಅಮೆರಿಕದವಳಾದೆ. ನನ್ನ ಒಲೆಯ ಬಾಗಿಲು ತೆಗೆದು ನೋಡಿದ್ದ ಹೆಂಗಸು ಬರಲಿಲ್ಲ; ನನ್ನ ಪೊರಕೆ ನನ್ನ ಹತ್ತಿರ ಉಳಿಯಿತು.

ಯುರ್ಕೊ ಗಂಟು ಕಟ್ಟಿಕೊಂಡು ಓಣಿ ದಾಟಿದ. ನಲವತ್ತು ಹೆಜ್ಜೆ. ಹೋಗಿ ಬಂದು ಮಾಡಿದರೆ ಆದೇಶ ಮುರಿಯುತ್ತದೆ, ಕೆಲಸವೂ ಹೋಗುತ್ತದೆ ಎಂದು ವಕೀಲರು ಹೆದರಿಸಿದ್ದರು. ಗಂಡನಲ್ಲದ ಗಂಡಸು ಶಾಲೆಯ ಕೋಣೆಗೆ ಕಾಲಿಡುವ ಹಾಗಿಲ್ಲ. ಮಾಡಿದ ಅಡುಗೆಯನ್ನು ಮರಿಷ್ಕಾ ಬಟ್ಟೆ ಮುಚ್ಚಿ ಒಯ್ಯುತ್ತಿದ್ದಳು. ನಾನು ಕಿಟಕಿ ಒರೆಸುವ ನೆಪದಲ್ಲಿ ನಿಲ್ಲುತ್ತಿದ್ದೆ, ಅವನು ಬ್ರಿಜಿಡಮ್ಮನ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದ. ಆ ಕಿಟಕಿಯಷ್ಟು ಹೊಳೆಯುವ ಕಿಟಕಿ ಇಡೀ ಊರಲ್ಲಿ ಇರಲಿಲ್ಲ.

ಕೋರ್ಟಿನ ಸುದ್ದಿ ಪತ್ರಿಕೆಯಲ್ಲಿ ಎರಡು ಸಾಲು ಬಂದಿತ್ತು, ಸಲಾಕೆ ಸಮೇತ. ನಾವು ಅದನ್ನು ಎಣಿಸಿರಲಿಲ್ಲ. ಒಲೆಯ ಕೊಳವೆ ಸರಿ ಮಾಡಿಕೊಡು ಎಂದು ಅವನನ್ನು ಕರೆಯುತ್ತಿದ್ದ ಹೆಂಗಸರು ಕರೆಯುವುದು ಬಿಟ್ಟರು. ಗಂಡಸರದು ಬೇರೆ ರೀತಿ. ಮನೆಯಲ್ಲಿ ದಿನವೂ ಹೊಡೆಯುವವರೇ ಅವನನ್ನು ಸಲಾಕೆ ಯುರ್ಕೊ ಎಂದು ಕರೆದು ಬೆನ್ನು ತಟ್ಟುತ್ತಿದ್ದರು. "ಪುಕ್ಕಲ ಅಂದ್ಕೊಂಡಿದ್ವಲ್ಲೋ ನಿನ್ನ!" ಅವನು ಕೆಮ್ಮುತ್ತಾ ಮುಂದೆ ಹೋಗುತ್ತಿದ್ದ. ಮರಿಷ್ಕಾ ಶಾಲೆಯಲ್ಲಿ ಒಬ್ಬಳ ಕೂದಲು ಕಿತ್ತು ಬಂದಳು. "ನಮ್ಮಪ್ಪ ಹೊಡೆಯಲ್ಲ ಅಂದೆ. ಪೇಪರ್ನಲ್ಲಿ ಬಂದಿದೆ ಅಂದ್ಲು," ಎಂದಳು. ಹೊರಗೆ ಯಾರ ಹತ್ತಿರವೂ ಆ ಮಾತು ಎತ್ತಬೇಡ ಎಂದು ಅವಳಿಗೆ ಬೈದೆ. ಬೇರೇನು ಮಾಡಲಿ?

ಆ ನವೆಂಬರಿನಲ್ಲಿ ವೋಟು ಹಾಕಿದೆ. ಪರದೆ ಎಳೆದುಕೊಂಡು ಒಬ್ಬಳೇ ನಿಂತೆ. ಹೆಸರುಗಳನ್ನು ಓದುವಷ್ಟು ಓದು ನನಗಿತ್ತು. ಒಂದೂ ನನಗೆ ಗೊತ್ತಿರುವ ಮನುಷ್ಯನದಾಗಿರಲಿಲ್ಲ. ಗುರುತು ಹಾಕಿ ಬಂದು ಐದನೇ ಕೋಣೆಯ ಒಲೆ ಹೊತ್ತಿಸಿದೆ.

ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಪ್ರಾಸರ್ ಓಡುತ್ತಾ ಬಂದ. ಕಾನೂನು ಬದಲಾಗಿತ್ತು. ಇನ್ನು ಮೇಲೆ ಪರದೇಶದವನನ್ನು ಮದುವೆಯಾದರೂ ಹೆಣ್ಣು ಇಲ್ಲಿಯವಳಾಗಿಯೇ ಉಳಿಯುತ್ತಾಳೆ. ಅವನ ಮುಖದಲ್ಲಿ ಸಂತೋಷವಿತ್ತು, ತಾನೇ ಕಾನೂನು ಮಾಡಿದವನ ಹಾಗೆ. ಹದಿನಾರು ತಿಂಗಳು ತಾಳಿದ್ದರೆ ಆಗುತ್ತಿತ್ತಲ್ಲ ಎಂದು ನಾನು ಲೆಕ್ಕ ಹಾಕಲಿಲ್ಲ. ಜೂನ್ ಯಾರಿಗೆ ತಾಳುತ್ತದೆ.

ಮತ್ತೆ ಮದುವೆಯಾದೆವು, ಜಿಲ್ಲೆಯ ಊರಿನ ಕಚೇರಿಯಲ್ಲಿ. ಗುಮಾಸ್ತ ಫಾರಂ ತುಂಬುತ್ತಾ, "ಹಿಂದಿನ ಗಂಡನ ಹೆಸರು?" ಎಂದ. ಹೇಳಿದೆ. "ಈಗಿನ ಗಂಡನ ಹೆಸರು?" ಅದನ್ನೇ ಹೇಳಿದೆ. ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹೊಡೆದ್ರೂ ಬುದ್ಧಿ ಬರ್ಲಿಲ್ವಾ ಅಮ್ಮ?" ಎಂದು ಮುದ್ರೆ ಒತ್ತಿದ.

ಯುರ್ಕೊ ವಾಪಸು ಬಂದ. ಬಂದವನಿಗೆ ಒಂದೇ ಹಠ, ಎರಡನೇ ಕಾಗದ. ನಾನು ಗುಡಿಸುವಾಗ ಅವನು ಮಕ್ಕಳ ಬೆಂಚಿನಲ್ಲಿ ಕೂತು ಮರಿಷ್ಕಾಳಿಂದ ಪಾಠ ಹೇಳಿಸಿಕೊಳ್ಳುತ್ತಿದ್ದ. ರಾಜ್ಯ ಎಷ್ಟು, ಕಾನೂನು ಮಾಡುವವರು ಯಾರು, ಅಧ್ಯಕ್ಷ ಸತ್ತರೆ ಮುಂದೆ ಯಾರು. "ಅಪ್ಪ, ನಲವತ್ತೇಳಲ್ಲ, ನಲವತ್ತೆಂಟು." "ಒಂದು ರಾಜ್ಯ ಹೆಚ್ಚು ಕಮ್ಮಿ ಆದ್ರೆ ಏನಾಗುತ್ತೆ ಪುಟ್ಟಿ?" "ಫೇಲಾಗ್ತೀಯ." ಉಸಿರು ಹಿಡಿದು ಹಿಡಿದು ಬಾಯಿಪಾಠ ಮಾಡಿದ. ಹೊರಗಿನವರಿಗೆ ಬಾಗಿಲು ಹಾಕುತ್ತಿದ್ದಾರೆ, ಒಳಗಿದ್ದವರನ್ನೂ ಆರಿಸಿ ಕಳಿಸುತ್ತಾರೆ ಎಂದು ಆಗ ಎಲ್ಲರಿಗೂ ಭಯ. "ಇಲ್ಲೇ ಸಾಯೋಕೆ ಒಂದು ಕಾಗದ ಸಾಕು," ಎನ್ನುತ್ತಿದ್ದ.

ಇಪ್ಪತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಕರೆ ಬಂತು. ಕೋರ್ಟಿಗೆ ಮೂವರೂ ಹೋದೆವು. ಸಾಕ್ಷಿಗಾಗಿ ಪ್ರಾಸರ್ ಬಂದಿದ್ದ, ಅಂಗಡಿಯವನೊಬ್ಬ ಬಂದಿದ್ದ. ಸರ್ಕಾರದ ಪರೀಕ್ಷಕರು ಕೇಳಿದ್ದಕ್ಕೆಲ್ಲ ಯುರ್ಕೊ ಉತ್ತರ ಹೇಳಿದ. ನಲವತ್ತೆಂಟು ಎನ್ನುವಾಗ ಮರಿಷ್ಕಾಳ ಕಡೆ ನೋಡಿದ. ಆಮೇಲೆ ಪರೀಕ್ಷಕರು ಇನ್ನೊಂದು ಕಾಗದ ಬಿಡಿಸಿದರು. ನನ್ನ ಬಿಡುಗಡೆಯ ಆದೇಶ.

"ಐದು ವರ್ಷದಿಂದ ಸನ್ನಡತೆ ಇರಬೇಕು ಅಂತ ಕಾನೂನು. ಇಪ್ಪತ್ತನೇ ಇಸವೀಲಿ ಹೆಂಡ್ತೀನ ಸಲಾಕೇಲಿ ಹೊಡೆದೋನು ನೀನೇ ಏನಯ್ಯಾ?"

ನಾನು ಎದ್ದು ನಿಂತೆ. "ಸಾರ್, ಅದು ಸುಳ್ಳು. ಅವನು ಹೊಡೆದಿಲ್ಲ. ನಾನು ಸುಳ್ಳು ಹೇಳಿದ್ದು."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಅಮ್ಮಾ, ಬೈಬಲ್ ಮುಟ್ಟಿ ಹೇಳಿದ್ರಿ ಅಲ್ವಾ? ಅದು ಸುಳ್ಳಾದ್ರೆ ಆ ಬಿಡುಗಡೆಯೂ ಸುಳ್ಳು. ಅದು ಸುಳ್ಳಾದ್ರೆ ನೀವು ಮತ್ತೆ ಪ್ರಜೆಯಾಗಿದ್ದೂ ಸುಳ್ಳು. ನೀವು ಕೆಲಸ ಮಾಡೋದೆಲ್ಲಿ? ಶಾಲೇಲಿ. ಸರಿ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಜೈಲು ಬೇರೆ ಇದೆ. ನಾನೇನೂ ಇನ್ನೂ ಬರ್ಕೊಂಡಿಲ್ಲ. ಯೋಚನೆ ಮಾಡಿ ಹೇಳಿ. ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳಿದ್ದು ಸುಳ್ಳೋ?"

ಪ್ರಾಸರ್ ನೆಲ ನೋಡುತ್ತಿದ್ದ. ಮರಿಷ್ಕಾ ನನ್ನನ್ನು ನೋಡುತ್ತಿದ್ದಳು. ಇವತ್ತು ಹೇಳಿದ್ದು ನಿಜ ಎಂದರೆ ನಾನು ಜೈಲಿಗೆ, ಮನೆ ಬೀದಿಗೆ. ಅವತ್ತು ಹೇಳಿದ್ದು ನಿಜ ಎಂದರೆ ಯುರ್ಕೊ ಹೊರಗೆ. ಬಾಯಿ ತೆರೆದೆ. ಏನು ಹೇಳಲಿಕ್ಕೆ ತೆರೆದೆನೋ ಇವತ್ತಿಗೂ ನನಗೆ ಗೊತ್ತಿಲ್ಲ.

"ಹೊಡೆದೆ ಸಾರ್," ಎಂದ ಯುರ್ಕೊ. ತಪ್ಪಿಲ್ಲದ ಇಂಗ್ಲಿಷಿನಲ್ಲಿ, ಪಾಠ ಒಪ್ಪಿಸುವ ಹಾಗೆ. "ಎರಡು ಸಲ ಹೊಡೆದೆ. ಇವಳು ಈಗ ನನ್ನ ಮೇಲಿನ ಕನಿಕರಕ್ಕೆ ಹಿಂಗಂತಾಳೆ."

ಪರೀಕ್ಷಕರು ಬರೆದುಕೊಂಡರು. ಮುಂದಿನವನ ಹೆಸರು ಕೂಗಿದರು.

ಮೆಟ್ಟಿಲಿಳಿಯುವಾಗ ಅವನ ತೋಳು ಹಿಡಿದು ಜಗ್ಗಿದೆ. "ಯಾಕೆ ಹೇಳ್ದೆ? ಯಾಕೋ ಹೇಳ್ದೆ?"

"ಇಬ್ಬರಲ್ಲಿ ಒಬ್ಬರದಾದ್ರೂ ಉಳೀಲಿ," ಎಂದ. ಉಸಿರಿಗಾಗಿ ಕಂಬಕ್ಕೆ ಒರಗಿದ. "ನಲವತ್ತೆಂಟು ಸರಿಯಾಗಿ ಹೇಳಿದ್ನಲ್ಲಾ, ಕೇಳಿಸ್ತಾ?"

ಟ್ರಾಮಿನಲ್ಲಿ ಪ್ರಾಸರ್ ನಮ್ಮ ಮುಂದಿನ ಸೀಟಿನಲ್ಲೇ ಕೂತ. ಅವನ ಕಿವಿ ನನಗೆ ಒಂದು ಮೊಳ ದೂರದಲ್ಲಿತ್ತು. ಮರಿಷ್ಕಾಳಿಗೆ ಆಗ ಹನ್ನೆರಡು. ಮೂರು ವರ್ಷ ಅಪ್ಪನ ಪರವಾಗಿ ಜಗಳವಾಡಿದವಳು.

"ಅಮ್ಮ," ಎಂದಳು ಮೆಲ್ಲಗೆ, "ಅಪ್ಪ ನಿಜವಾಗ್ಲೂ ಹೊಡೆದಿದ್ನಾ?"

ನಾನು ಪ್ರಾಸರನ ಕಿವಿ ನೋಡಿದೆ, ಶಾಲಾ ಮಂಡಳಿಯ ಕಿವಿ. ಅವಳ ಕೈ ಹಿಡಿದು ಅಮುಕಿದೆ. ಅಮುಕಿದರೆ ತಿಳಿದುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಕೈ ಬಿಡಿಸಿಕೊಂಡು, ನನ್ನ ಪಕ್ಕದಿಂದ ಸ್ವಲ್ಪ ಸರಿದು, ಆಚೆ ಬದಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಪ್ಪನ ಕೈಗಳನ್ನು ನೋಡತೊಡಗಿದಳು. ಊರು ಬರುವವರೆಗೂ ನೋಡಿದಳು.

ಮನೆಗೆ ಬಂದು ಬಾಗಿಲು ಹಾಕಿ, ಕಿಟಕಿ ಹಾಕಿ ಹೇಳಿದೆ. ಹೊಡೆದಿಲ್ಲ, ಯಾವತ್ತೂ ಹೊಡೆದಿಲ್ಲ ಎಂದೆ. ಅವಳು ಕೇಳಿಸಿಕೊಂಡಳು. ಸರಿ ಅಮ್ಮ ಎಂದಳು. ನಂಬಿದಳೋ ಇಲ್ಲವೋ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.